ತೂಫಾನನ ಎಡಗಡೆ

ಕಿದ್ವಾಯಿ ನಗರ, ಹೊಸದಿಲ್ಲಿ
ಭಾನುವಾರ, 13 ಫೆಬ್ರವರಿ 2005

ತೀರ್ಥರೂಪ ಅಪ್ಪನವರ ಪಾದಗಳಿಗೆ ವೈಜುವಿನ ನಮಸ್ಕಾರಗಳು.

ನಾವು ಮೂವರೂ ಚೆನ್ನಾಗಿದ್ದೇವೆ. ಸಂಕ್ರಾಂತಿಗೆ ನೀವು ಮೈಸೂರಿನಿಂದ ಕಳಿಸಿದ ಎಳ್ಳುಬೆಲ್ಲದ ಡಬ್ಬಿ ಬಂದು ತಿಂಗಳಾಗುತ್ತ ಬಂತು, ತಲುಪಿತು ಅಂತ ಒಂದು ಸಾಲು ಬರೆಯಲಿಲ್ಲ. ತಪ್ಪಾಯಿತು. ಫೋನಿನಲ್ಲಿ ಎಷ್ಟು ಕೂಗಿದರೂ ನಿಮ್ಮ ಕಿವಿಗೆ ಬೀಳುವುದಿಲ್ಲ. ತಮ್ಮನ ಕೈಲಿ ಹೇಳಿಸೋಣವೆಂದರೆ ಚಂದ್ರಕಾಂತ ಅರ್ಧ ಮರೆತು, ಉಳಿದರ್ಧಕ್ಕೆ ತನ್ನದೇನಾದರೂ ಸೇರಿಸಿ ಹೇಳುತ್ತಾನೆ. ಬೈಯುವುದಿದ್ದರೆ ಕಾಗದ ಪೂರ್ತಿ ಓದಿ ಆಮೇಲೆ ಬೈಯಿರಿ, ಮೊದಲು ಸುದ್ದಿ ಕೇಳಿ. ನಿನ್ನೆ ಒಂದು ಕುದುರೆಯ ಜೀವ ಉಳಿಯಿತು ಅಪ್ಪಾ. ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದೇನೆ. ನಿಮ್ಮ ಅಳಿಯಂದಿರು ಸುಮ್ಮನೆ ತಿಂದು, ಎರಡು ಲೋಟ ನೀರು ಕುಡಿದು, ಪೇಪರ್ ಹಿಡಿದು ಕೂತರು.

ಗುಡಗಾಂವ್ ದಾಟಿದ ಮೇಲೆ ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಶಾಲೆಯೊಂದಿದೆ, ಅಲ್ಲಿಯ ಕುದುರೆಗಳಿಗೆ ಚಿಕಿತ್ಸೆ ಮಾಡಲು ತಿಂಗಳಿಗೆರಡು ಸಲ ನಾನು ಹೋಗುತ್ತೇನೆ ಅಂತ ಹಿಂದೆ ಬರೆದಿದ್ದೆನಲ್ಲ. ನಡೆಸುವವರು ನಿವೃತ್ತ ಕರ್ನಲ್ ಒಬ್ಬರು. ಹೋದ ಮಳೆಗಾಲದಲ್ಲಿ ಮೀರತ್ ಕಡೆಯಿಂದ ಒಂದು ಕುದುರೆ ತಂದರು. ಹೆಸರು ತೂಫಾನ್. ಏಳು ವರ್ಷ, ಕಡುಗಂದು ಬಣ್ಣ, ಹಣೆಯ ಮೇಲೆ ಕುಂಕುಮದಷ್ಟು ಬಿಳಿ. ಬಂದ ಹೊಸದರಲ್ಲಿ ಹೆಸರೊಂದು ಬಿಟ್ಟರೆ ಅವನಲ್ಲಿ ಬಿರುಗಾಳಿಯದ್ದು ಏನೂ ಇರಲಿಲ್ಲ, ಮಕ್ಕಳು ಬಾಲ ಎಳೆದರೂ ಸುಮ್ಮನಿರುತ್ತಿದ್ದ.

ದೀಪಾವಳಿ ಕಳೆದ ಮೇಲೆ ಕೆಟ್ಟ. ಹತ್ತಿರ ಹೋದವರನ್ನು ಕಚ್ಚುವುದು, ಗೋಡೆಗೆ ಒತ್ತುವುದು. ಹತ್ತು ವರ್ಷದ ಒಬ್ಬ ಹುಡುಗಿಯ ತಲೆಗೆ ಗೊರಸು ತಾಗಿ ಹೆಲ್ಮೆಟ್ ಸೀಳಿತು. ಅವಳ ಪುಣ್ಯ, ತಲೆ ಉಳಿಯಿತು. ಜನವರಿಯಲ್ಲಿ ರಾಮ್‌ಪಾಲನ ತೋಳು ಮುರಿಯಿತು. ರಾಮ್‌ಪಾಲ ಲಾಯದ ಹಿರಿಯ ಆಳು, ಮೂವತ್ತು ವರ್ಷ ಕುದುರೆಗಳ ಜೊತೆಯೇ ಬದುಕಿದವನು. ಅವನಿಗೇ ಹೀಗಾದರೆ ಉಳಿದವರ ಪಾಡೇನು? ಮಂಗಳವಾರ ಕರ್ನಲ್ ಸಾಹೇಬರು ಫೋನ್ ಮಾಡಿದರು. “ಡಾಕ್ಟರ್ ಸಾಹಿಬಾ, ಶನಿವಾರ ಬನ್ನಿ. ಅವನಿಗೆ ಕೊನೆಯ ಇಂಜೆಕ್ಷನ್ ತೆಗೆದುಕೊಂಡೇ ಬನ್ನಿ. ನಾಳೆ ಒಂದು ಮಗು ಸತ್ತರೆ ಅದರ ತಾಯಿಗೆ ಹೇಗೆ ಮುಖ ತೋರಿಸಲಿ?” ಎಂದರು. ಕೆಟ್ಟವರಲ್ಲ ಅವರು. ಆಯಿತು ಅಂದೆ.

ಆಯಿತು ಅಂದುಬಿಟ್ಟೆನಲ್ಲ ಅಂತ ಬುಧವಾರವೆಲ್ಲ ಅದೇ ಯೋಚನೆ. ಗುರುವಾರ ಯಾರೂ ಕರೆಯದಿದ್ದರೂ ಹೋದೆ. ಲಾಯದ ಮೂಲೆಯಲ್ಲಿ ಒಂದು ಬಕೆಟ್ ಬೋರಲು ಹಾಕಿಕೊಂಡು ಎರಡು ಗಂಟೆ ಕೂತೆ. ಒಬ್ಬ ಆಳು ಹಿಂದಿನ ಗೋಡೆಯ ಮೇಲಿಂದ ತೊಟ್ಟಿಗೆ ನೀರು ಸುರಿದ. ತೂಫಾನ್ ಕತ್ತು ತಿರುಗಿಸಿ ಅವನನ್ನು ನೋಡಿ ಶಾಂತವಾಗಿ ಕುಡಿದ. ಅದೇ ಆಳು ಸುತ್ತಿಕೊಂಡು ಬಂದು ಬಾಗಿಲು ತೆಗೆದದ್ದೇ ತಡ, ಕಿವಿ ಹಿಂದಕ್ಕೆ ಮಲಗಿದವು, ಹಲಗೆಗೆ ಒದೆತ ಬಿತ್ತು. ಮನುಷ್ಯ ಅವನೇ, ಬಕೆಟ್ ಅದೇ. ಹಿಂದಿನ ಗೋಡೆ ಇದ್ದದ್ದು ತೂಫಾನನ ಬಲಕ್ಕೆ, ಬಾಗಿಲು ಎಡಕ್ಕೆ. ಎಡಗಡೆ ಹೋದರೆ ಮಾತ್ರ ಹೀಗೆ ಎನ್ನುವ ಮಾತು ನಾನು ಹಿಂದೆಯೂ ಒಂದು ಸಲ ಕೇಳಿದ್ದೆ.

ನಿಮಗೆ ಹೇಳಬೇಕಾಗಿಲ್ಲ, ಕುದುರೆಯ ಕೆಲಸವೆಲ್ಲ ಎಡಗಡೆಯಿಂದಲೇ. ಲಗಾಮು ಹಾಕುವುದು, ಜೀನು ಬಿಗಿಯುವುದು, ಹತ್ತುವುದು, ಇಳಿಯುವುದು. ಫೌಜಿನವರಿಗಂತೂ ಅದು ಊಟಕ್ಕೆ ಬಲಗೈ ಇದ್ದ ಹಾಗೆ, ಯಾಕೆ ಅಂತ ಯಾರೂ ಕೇಳುವುದಿಲ್ಲ. ಅಂದಮೇಲೆ ದಿನಕ್ಕೆ ಇಪ್ಪತ್ತು ಸಲ ಯಾರಾದರೊಬ್ಬರು ಅವನ ಎಡಕ್ಕೇ ಹೋಗಿ ನಿಲ್ಲುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಎಳ್ಳುಬೆಲ್ಲದ ಡಬ್ಬಿಯಿಂದ ಬೆಲ್ಲದ ಚೂರುಗಳನ್ನಷ್ಟೇ ಆರಿಸಿ ಪೊಟ್ಟಣ ಕಟ್ಟಿಕೊಂಡೆ. ದೇವರ ಗೂಡಿನಿಂದ ಬತ್ತಿ ಹೊಸೆಯುವ ಹತ್ತಿ ತೆಗೆದುಕೊಂಡೆ. “ಯಾವ ದೇವಸ್ಥಾನಕ್ಕೆ ಸವಾರಿ?” ಅಂದರು ಇವರು. ನಾನು ನೇರ ಲಾಯಕ್ಕೆ ಹೋದೆ. ಹಿಂದಿನ ಗೋಡೆಯ ಹತ್ತಿರ ನಿಂತು ಅಂಗೈಯಲ್ಲಿ ಬೆಲ್ಲ ಹಿಡಿದೆ. ತುಟಿಯಿಂದ ಎಷ್ಟು ನಾಜೂಕಾಗಿ ಎತ್ತಿಕೊಂಡ ಗೊತ್ತಾ? ಆಮೇಲೆ ಹತ್ತಿಯ ಉಂಡೆ ಮಾಡಿ ಬಲಗಣ್ಣಿನ ಮುಂದೆ ಬೀಳಿಸಿದೆ. ಹತ್ತಿ ಬಿದ್ದರೆ ಸದ್ದಿಲ್ಲ, ಗಾಳಿಯಿಲ್ಲ. ಕಣ್ಣು ಕಂಡರೆ ಮಾತ್ರ ಗೊತ್ತಾಗಬೇಕು. ಕತ್ತು ತಿರುಗಿತು. ಆಳಿನ ಕೈಲಿ ಎಡಗಡೆ ದೂರದಿಂದ ಎಸೆಸಿದೆ. ರೆಪ್ಪೆ ಬಡಿಯಲಿಲ್ಲ. ಹತ್ತು ಸಲ ಎಸೆದ, ಹತ್ತು ಸಲವೂ ಬಡಿಯಲಿಲ್ಲ. ಕಿಟಕಿಗೆ ಗೋಣಿಚೀಲ ಕಟ್ಟಿ, ಹಣೆಯ ಮೇಲಿಂದ ಕೈ ಚಾಚಿ ಟಾರ್ಚ್ ಹಿಡಿದೆ. ಬಲಗಣ್ಣಿನ ಪಾಪೆ ಕಿರಿದಾಯಿತು, ಎಡಗಣ್ಣಿನದು ಹಾಗೇ ಅಗಲವಾಗಿ ನಿಂತಿತ್ತು. ಹೊರಗಿನಿಂದ ನೋಡಿದರೆ ಆ ಕಣ್ಣಿಗೆ ಏನೂ ಆಗಿಲ್ಲ ಅಪ್ಪಾ, ಥಳಥಳ ಹೊಳೆಯುತ್ತದೆ. ಆದರೆ ಒಂದಿಷ್ಟೂ ಕಾಣುವುದಿಲ್ಲ. ಎಲ್ಲಿಂದಲೋ ಒಂದು ಕೈ ಬಂದು ಕತ್ತು ಹಿಡಿದರೆ ಯಾರು ತಾನೇ ಒದೆಯುವುದಿಲ್ಲ?

ಮನೆಗೆ ಬಂದು ಪ್ರಕೃತಿಗೆ ಹೇಳಿದೆ. ಹನ್ನೆರಡು ವರ್ಷವಾಯಿತು ಮೊಮ್ಮಗಳಿಗೆ, ಇನ್ನೂ ಒಂದು ವಾಕ್ಯ ಪೂರ್ತಿ ಕನ್ನಡದಲ್ಲಿ ಬರುವುದಿಲ್ಲ. “ಅಮ್ಮಾ, ಅಂದ್ರೆ ಅವನು ಪಾಗಲ್ ಅಲ್ಲ. ವೋ ತೋ ಬಸ್ ಡರ್ತಾ ಹೈ,” ಅಂದಳು. ಹುಚ್ಚಲ್ಲ, ಬರೀ ಭಯ. ನಾನು ಐದು ವರ್ಷ ಓದಿ ಹೇಳುವುದನ್ನು ಅವಳು ಒಂದೇ ಉಸಿರಿಗೆ ಹೇಳಿದಳು.

ನಿನ್ನೆ ಹೋಗುವಾಗ ಚೀಲದಲ್ಲಿ ಇಂಜೆಕ್ಷನ್ನೂ ಇತ್ತು, ಸುಳ್ಳು ಹೇಳುವುದಿಲ್ಲ. ಕರ್ನಲ್ ಸಾಹೇಬರು ಎಲ್ಲ ಕೇಳಿಸಿಕೊಂಡರು. ಹತ್ತಿಯ ಪರೀಕ್ಷೆಯನ್ನು ಕಣ್ಣಾರೆ ಕಂಡರು. ಕೊನೆಗೆ, “ಅಚ್ಛಾ, ಒಪ್ಪಿದೆ. ಆದರೆ ಅರ್ಧ ಕುರುಡು ಕುದುರೆ ಇನ್ನೂ ಅಪಾಯ ತಾನೇ? ನನ್ನ ಹತ್ತಿರ ನಲವತ್ತು ಮಕ್ಕಳಿದ್ದಾರೆ,” ಅಂದರು. ನ್ಯಾಯವಾದ ಮಾತೇ. ಒಂದು ತಿಂಗಳು ಕೊಡಿ ಎಂದೆ. ಅವರು ಆಗುವುದಿಲ್ಲ ಅಂತ ತಲೆಯಾಡಿಸಿಬಿಟ್ಟರು.

ಅಷ್ಟರಲ್ಲಿ ರಾಮ್‌ಪಾಲ ಎದ್ದ. ಪ್ಲಾಸ್ಟರ್ ಹಾಕಿದ ತೋಳನ್ನು ಕೊರಳಿಗೆ ಕಟ್ಟಿಕೊಂಡಿದ್ದಾನೆ. ಯಾರನ್ನೂ ಕೇಳಲಿಲ್ಲ. ಸುತ್ತು ಹಾಕಿ ಬಲಗಡೆಗೆ ಹೋದ, ಗೋಡೆಯ ಚಿಕ್ಕ ಗೇಟು ತೆಗೆದು ಒಳಗೇ ಹೋಗಿ ನಿಂತ. ತೂಫಾನ್ ಅವನನ್ನು ನೋಡಿದ, ಮೂಗು ತಂದು ಪ್ಲಾಸ್ಟರನ್ನು ಉದ್ದಕ್ಕೂ ಮೂಸಿದ, ಆಮೇಲೆ ಗಲ್ಲವನ್ನು ಅವನ ಹೆಗಲ ಮೇಲಿಟ್ಟ. ರಾಮ್‌ಪಾಲ ಅಳುತ್ತಿದ್ದ. “ಇಸ್ಕೋ ದಿಖ್ತಾ ನಹೀಂ ಥಾ ಸಾಬ್, ಔರ್ ಮೈಂ ರೋಜ಼್ ಮಾರ್ತಾ ಥಾ,” ಅಂದ. ಇದಕ್ಕೆ ಕಾಣುತ್ತಿರಲಿಲ್ಲ ಸಾಬ್, ನಾನು ದಿನಾ ಹೊಡೆಯುತ್ತಿದ್ದೆ.

ಕರ್ನಲ್ ಸಾಹೇಬರು ನೆಟ್ಟಗೆ ಬಾಗಿಲಿನ ಕಡೆಗೆ ಹೊರಟರು. ಎಡಗಡೆಗೆ. ನಲವತ್ತು ವರ್ಷದ ಅಭ್ಯಾಸ, ಕಾಲು ತಾನಾಗಿ ಹೋಗುತ್ತದೆ. “ಸಾಬ್, ಉಧರ್ ಸೆ ನಹೀಂ,” ಆ ಕಡೆಯಿಂದ ಬೇಡ ಅಂತ ರಾಮ್‌ಪಾಲ ತನ್ನ ಧಣಿಗೇ ಗದರಿದ. ಕರ್ನಲ್ ಸಾಹೇಬರು ನಿಂತರು, ಶಿಸ್ತಿನ ಸಿಪಾಯಿಯಂತೆ ಹಿಂತಿರುಗಿದರು, ಸುತ್ತು ಹಾಕಿ ಬಲಗಡೆಗೆ ಬಂದು ಕುದುರೆಯ ಕುತ್ತಿಗೆ ತಟ್ಟಿದರು. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ.

ತೀರ್ಮಾನ ಇಷ್ಟು. ಮಕ್ಕಳು ಅವನ ಮೇಲೆ ಕೂರುವಂತಿಲ್ಲ. ಬಾಗಿಲು ಅವನ ಬಲಕ್ಕೆ ಬರುವಂತೆ ಇನ್ನೊಂದು ತುದಿಯ ಕೋಣೆಗೆ ಸ್ಥಳಾಂತರ, ರಾಮ್‌ಪಾಲನದೇ ಉಸ್ತುವಾರಿ, ಒಂದು ತಿಂಗಳ ಗಡುವು. ಮತ್ತೆ ಯಾರಿಗಾದರೂ ಪೆಟ್ಟಾದರೆ ಇಂಜೆಕ್ಷನ್ ತೆಗೆದುಕೊಂಡು ನಾನೇ ಹೋಗಬೇಕು, ಮಾತು ಕೊಟ್ಟಿದ್ದೇನೆ. ಆದರೆ ಆ ದಿನ ಬರುವುದಿಲ್ಲ, ನೋಡುತ್ತಿರಿ. ಈಗ ಪ್ರಕೃತಿ ಕೆಂಪು ಬಣ್ಣ ಕಲಸಿಕೊಂಡು ‘ಬಲಗಡೆಯಿಂದ ಬನ್ನಿ’ ಅಂತ ಹಿಂದಿಯಲ್ಲಿ ಬೋರ್ಡು ಬರೆಯುತ್ತಿದ್ದಾಳೆ. ಅರ್ಧ ಬಣ್ಣ ನೆಲಕ್ಕಾಗಿದೆ.

ಇಲ್ಲಿ ಚಳಿ ಇಳಿದಿದೆ. ನಿಮ್ಮ ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳಿ, ಚಂದ್ರಕಾಂತನಿಗೆ ನನ್ನ ನೆನಪು ಹೇಳಿ. ಈ ತಿಂಗಳು ನಿಮ್ಮ ಆಶೀರ್ವಾದ ನನಗಿಂತ ತೂಫಾನನಿಗೆ ಹೆಚ್ಚು ಬೇಕು, ಅವನ ಪಾಲಿನದನ್ನೂ ಸೇರಿಸಿ ಕಳಿಸಿ.

ನಿಮ್ಮ
ವೈಜು

ಮರೆತ ಮಾತು: ಮರೆತದ್ದಲ್ಲ. ಈ ಹಾಳೆಯನ್ನು ಚಂದ್ರಕಾಂತನಿಗೆ ತೋರಿಸಬೇಡಿ.

ನಿಮ್ಮ ಜಟಕಾದ ಕುದುರೆ ಗೌರಿ. ಹದಿನೇಳು ವರ್ಷವಾಯಿತು. ಅವಳು ಚಂದ್ರಕಾಂತನ ಪಕ್ಕೆಗೆ ಒದ್ದು ಅವನು ಆಸ್ಪತ್ರೆ ಸೇರಿದಾಗ ನಾನು ಡಾಕ್ಟರಾಗಿ ಎರಡು ತಿಂಗಳು. “ಎಡಗಡೆ ಹೋದ್ರೆ ಮಾತ್ರ ಹಂಗಾಡ್ತಾಳೆ ಕಣವ್ವಾ, ನನ್ ಹತ್ರ ಯಾವತ್ತೂ ಇಲ್ಲ. ಇನ್ನೆರಡು ದಿನ ನೋಡಾಣ,” ಅಂದಿರಿ. “ಅಪ್ಪಾ, ನಾನು ಓದಿದ್ದೀನಿ,” ಅಂದೆ. ನೀವೇ ಹೋಗಿ ಅವಳನ್ನು ಹಿಡಿದುಕೊಂಡಿರಿ. ಮತ್ತೆ ಕುದುರೆ ತರಲಿಲ್ಲ, ಗಾಡಿ ಹಿತ್ತಲಲ್ಲೇ ಗೆದ್ದಲು ಹಿಡಿಯಿತು. ಬೀದಿಯವರಿಗೆಲ್ಲ ಮಾತ್ರ ‘ನನ್ನ ಮಗಳು ಡಾಕ್ಟರು’ ಅಂತಲೇ ಹೇಳಿಕೊಂಡು ಬಂದಿರಿ. ಅವಳ ಕಣ್ಣಿಗೆ ನಾನು ಒಂದು ಟಾರ್ಚು ಹಿಡಿದು ನೋಡಲಿಲ್ಲ. ಗುರುವಾರದಿಂದ ನನಗೆ ಬೇರೆ ಏನೂ ಕಾಣುತ್ತಿಲ್ಲ.

ಈಗ ಬೈಯಿರಿ ಅಪ್ಪಾ. ಆವತ್ತು ನೀವು ಅವಳ ಬಲಗಡೆ ನಿಂತು, ಕುತ್ತಿಗೆ ತಬ್ಬಿಕೊಂಡು, ಕಿವಿಯಲ್ಲಿ ಏನೋ ಹೇಳುತ್ತಿದ್ದಿರಿ. ಅವಳು ನಿಮ್ಮನ್ನೇ ನೋಡುತ್ತ ಒಂಚೂರೂ ಅಲ್ಲಾಡದೆ ನಿಂತಿದ್ದಳು. ನಾನು ಸೂಜಿ ಹಿಡಿದುಕೊಂಡು ಎಡಗಡೆಯಿಂದ ಬಂದೆ.