ದೊರೆಸಾನಿಯ ಪದಕ

ಮಾರ್ಚ್ 3, ಸೋಮವಾರ

ಮಾಮೂಲು ಬೆಳಿಗ್ಗೆ. ನಾಯಿಗಳ ಕೆನಲ್ ತೊಳೆದೆ. ನನ್ನ ನಾಯಿ ದೊರೆಸಾನಿಯ ಎಡಗಿವಿಗೆ ಔಷಧಿ ಬಿಟ್ಟೆ. ತಲೆ ಕೊಡವಿ ಅರ್ಧ ನನ್ನ ಮುಖಕ್ಕೇ ಹಾರಿಸಿದಳು. ಆ ಕಿವಿ ಹೋದ ವರ್ಷವೇ ಹೋಯಿತು. ಸೇತುವೆಯ ಮೇಲೆ ಮೂಸಿ ಮೂಸಿ ಒಂದು ಕಡೆ ಕುಳಿತುಬಿಟ್ಟಿದ್ದಳು. ಅವಳು ಕುಳಿತಳೆಂದರೆ ಅಲ್ಲಿ ಸಿಡಿಮದ್ದು ಇದೆ ಎಂದೇ ಲೆಕ್ಕ. ಹಿಂದಿನ ಎರಡು ಲಾರಿಗಳಿಂದ ನಮ್ಮವರೆಲ್ಲ ಇಳಿದು ಓಡಿದರು. ಸಿಡಿದಾಗ ಹತ್ತಿರವಿದ್ದದ್ದು ನಾವಿಬ್ಬರೇ.

ತಿಂಗಳ ಕೊನೆಗೆ ಅವಳು ರಿಟೈರ್. ನನಗೇ ಕೊಡುವುದೆಂದು ಆಗಿದೆ. ನಾಯಿ ಗೀಯಿ ಮನೆಯೊಳಗೆ ಬೇಡ ಎನ್ನುತ್ತಿದ್ದ ಹೆಂಡತಿ, ನಿನ್ನೆ ಹಳೆಯ ಕಂಬಳಿ ಒಗೆದು ಬಾಗಿಲ ಪಕ್ಕ ಹಾಸಿದ್ದಾಳೆ.

ಮಾರ್ಚ್ 6

ಸಾಹೇಬರು ಕರೆದು ಕೈ ಕುಲುಕಿದರು. ದೊರೆಸಾನಿಗೆ ಶೌರ್ಯ ಪದಕ.

"ಇನ್ನು ಇವಳನ್ನ ಮನೆಗೆ ಕಳ್ಸೋಕಾಗಲ್ಲ ಕಣಯ್ಯ. ಟ್ರೈನಿಂಗ್ ಸ್ಕೂಲಲ್ಲಿ ಇಡ್ತಾರೆ. ಬಂದವರೆಲ್ಲ ನೋಡ್ಬೇಕು."

"ನಂಗೇ ಕೊಡೋದು ಅಂತ ಆಗಿತ್ತಲ್ಲ, ಸಾರ್."

"ಅದು ಪದಕ ಬರೋಕೆ ಮುಂಚೆ."

ಸಲ್ಯೂಟ್ ಹೊಡೆದು ಬಂದೆ. ಪದಕಕ್ಕೆ ಅವಳ ಹೆಸರು ಕಳಿಸಿ ಸಾರ್, ಕಳಿಸಿ ಸಾರ್ ಎಂದು ಬೆನ್ನು ಹತ್ತಿದವನು ನಾನೇ. ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಂಡೆ.

ಮಾರ್ಚ್ 7

ಆಫೀಸಿನ ಗುಮಾಸ್ತನನ್ನು ಕೇಳಿದೆ — ಪದಕ ಬೇಡ ಅಂತ ಬರೆದುಕೊಟ್ಟರೆ?

"ಯಾರಿಗೆ ಬಂದಿದ್ಯೋ ಅವ್ರೇ ಬರೀಬೇಕು. ಸಹಿ ಹಾಕ್ತಾಳಾ?"

ಎಲ್ಲರೂ ನಕ್ಕರು. ನನಗೂ ನಗು ಬಂತು. ಅದಕ್ಕೇ ಇನ್ನೂ ಸಿಟ್ಟು.

ಮನೆಯಲ್ಲಿ ಹೆಂಡತಿ, "ಕಂಬಳಿ ತೆಗೀಲಾ?" ಎಂದಳು. ಊಟಕ್ಕೆ ಕುಳಿತೆ. ಅವಳೂ ತೆಗೆದಿಲ್ಲ.

ಮಾರ್ಚ್ 18, ಮಧ್ಯಾಹ್ನ 2

ರಿಹರ್ಸಲ್. ಅವಳ ಎದೆಪಟ್ಟಿಗೆ ಕೊಕ್ಕೆ ಹೊಲಿಸಿದ್ದಾರೆ. ಪದಕ ಕೊಡಲು ಬರುವ ದೊಡ್ಡವರು ಪಿನ್ ಚುಚ್ಚುವ ಕಷ್ಟ ಪಡುವುದಿಲ್ಲ, ಕೊಕ್ಕೆಗೆ ಪದಕ ಸಿಕ್ಕಿಸುತ್ತಾರೆ, ಫೋಟೊ, ಮುಗಿಯಿತು. ಫೋಟೊಗೆ ನಾಯಿ ಕೂತಿರಬೇಕಂತೆ. ಇವಳು ಮದ್ದಿಲ್ಲದ ಕಡೆ ಕೂರುವುದಿಲ್ಲ; ಹಾಗೆಯೇ ಬೆಳೆಸಿದ್ದೇನೆ. ಹೇಳಿದೆ.

"ಪದಕ ಬಂದ ನಾಯಿಗೆ ಕೂತ್ಕೊಳ್ಳೋಕೂ ಬರಲ್ವೇನಯ್ಯ?" — ಸಾಹೇಬರು.

ಬಿಸಿಲಲ್ಲಿ ಹತ್ತು ಸಲ ನಡೆಸಿದರು. ಹತ್ತು ಸಲವೂ ನಿಂತೇ ಇದ್ದಳು. ಭೇಷ್.

ಮಾರ್ಚ್ 20, ಸಂಜೆ 6

ಇವತ್ತು ಪದಕದ ಸಮಾರಂಭ. ಆದದ್ದು ಆದ ಹಾಗೇ ಬರೆಯುತ್ತೇನೆ.

ವೇದಿಕೆಗೆ ಹೋಗುವ ದಾರಿಯಲ್ಲಿ ಗೌರವ ವಂದನೆಯ ತೋಪು. ರಿಹರ್ಸಲ್ ದಿನ ಅದು ಇರಲಿಲ್ಲ. ಕಂಡಾಗಲೇ ಗೊತ್ತಾಯಿತು, ಅದರ ಮದ್ದಿನ ವಾಸನೆಗೆ ಇವಳು ಕೂರುತ್ತಾಳೆ. ಹಗ್ಗ ಬಿಗಿ ಹಿಡಿದು ಬಲಕ್ಕೆ ಸುತ್ತಿಸಬಹುದಿತ್ತು. ಸುತ್ತಿಸಲಿಲ್ಲ. ಸಡಿಲ ಬಿಟ್ಟೆ...

ಮೂಸಿದಳು. ತೋಪಿನ ಗಾಲಿಯ ಪಕ್ಕ ಕುಳಿತಳು.

ನಾಯಿ ಕುಳಿತರೆ ಏನರ್ಥ ಎಂದು ದೊಡ್ಡವರ ಕಾವಲಿನವರಿಗೆ ಹೇಳಿಕೊಡಬೇಕೆ? ದೊಡ್ಡವರನ್ನು ಎತ್ತಿಕೊಂಡು ಹೋದ ಹಾಗೇ ಕರೆದುಕೊಂಡು ಹೋದರು. ಬ್ಯಾಂಡು ಅರ್ಧಕ್ಕೆ ನಿಂತಿತು. ಪದಕ ತಟ್ಟೆಯಲ್ಲೇ ಉಳಿಯಿತು.

ಸಾಹೇಬರು ಹಲ್ಲು ಕಡಿಯುತ್ತ ಬಂದರು. "ಎಬ್ಬಿಸು ಅದನ್ನ. ಮಾನ ಹೋಗ್ತಿದೆ."

ಅವಳು ನನ್ನನ್ನೇ ನೋಡುತ್ತಿದ್ದಳು. ಹುಡುಕಿ ಕೂತರೆ ಚೆಂಡು — ಅವಳಿಗೆ ನಾನು ಕೊಡುವ ಸಂಬಳ ಅಷ್ಟೇ. ಸೇತುವೆಯ ದಿನ ಅದನ್ನೂ ಕೊಟ್ಟಿರಲಿಲ್ಲ. ಇಬ್ಬರಿಗೂ ಎಚ್ಚರವೇ ಇರಲಿಲ್ಲ.

ಅಷ್ಟು ಜನರ ಎದುರು ಜೇಬಿಗೆ ಕೈ ಹಾಕಿ ಚೆಂಡು ಕೊಟ್ಟೆ.

ಏಪ್ರಿಲ್ 2, ಬುಧವಾರ

ಇಷ್ಟು ದಿನ ವಿಚಾರಣೆ. ಹಗ್ಗ ಯಾಕೆ ಎಳೆಯಲಿಲ್ಲ, ಜೇಬಲ್ಲಿ ಚೆಂಡು ಯಾಕಿತ್ತು. ನನಗೆ ಛೀಮಾರಿ. ಇವತ್ತು ಸಾಹೇಬರು ಮುಖ ಎತ್ತದೆ ಹೇಳಿದರು: "ಸ್ಕೂಲಿನವ್ರು ಬೇಡ ಅಂದ್ರು. ಕರ್ಕೊಂಡ್ ಹೋಗು."

ಗುಮಾಸ್ತ ಪದಕವನ್ನು ಕಂದು ಕವರಿನಲ್ಲಿ ಹಾಕಿ ಕೈಗಿತ್ತ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೇಟಿನವರು ಅವಳಿಗೆ 'ತೋಪಮ್ಮ' ಎಂದು ಹೆಸರಿಟ್ಟಿದ್ದಾರೆ. ಬೇಕೆಂದದ್ದು ಸಿಕ್ಕಿತು, ಆದರೂ ನೆಮ್ಮದಿಯಿಲ್ಲ. ಅವಳು ಮಾಡಿದ್ದು ಅವಳ ಕೆಲಸ. ನಗೆಪಾಟಲು ಮಾಡಿದವನು ನಾನು.

ರಾತ್ರಿ 8

ಮನೆಯೆಲ್ಲ ಮೂಸಿ ನೋಡಿದಳು. ಕಂಬಳಿಯನ್ನು ದಾಟಿ ಹೋಗಿ, ಮೂಲೆಯಲ್ಲಿದ್ದ ನನ್ನ ಹಳೆಯ ಬೂಟುಗಳ ಮುಂದೆ ಕುಳಿತಳು. ಸೇತುವೆಯ ದಿನದ ಬೂಟು. ಆಮೇಲೆ ಹಾಕಿಕೊಂಡೇ ಇಲ್ಲ.

"ಯಾಕ್ರೀ ಏಳ್ತಾ ಇಲ್ಲ ಇವ್ಳು?"

ಹೇಳಿದೆ. ಬೂಟಿಗೆ ಇನ್ನೂ ಮದ್ದಿನ ವಾಸನೆ ಅಂಟಿದೆ, ಚೆಂಡು ಕೊಡುವವರೆಗೂ ಏಳುವುದಿಲ್ಲ. ಆದರೆ ಚೆಂಡು ಆಫೀಸಿನವರ ಹತ್ತಿರ. ವಿಚಾರಣೆಗೆಂದು ತೆಗೆದುಕೊಂಡವರು ವಾಪಸ್ ಕೊಟ್ಟಿಲ್ಲ. ಕವರು ತೆಗೆದು ಪದಕ ತೋರಿಸಿದೆ. ಮೂಸಿ ಮುಖ ತಿರುಗಿಸಿದಳು.

ಇನ್ನೂ ಕೂತೇ ಇದ್ದಾಳೆ. ನನ್ನನ್ನೇ ನೋಡುತ್ತಿದ್ದಾಳೆ. ಹೆಂಡತಿ ಒಣಹಾಕಿದ್ದ ನನ್ನ ಕಾಲುಚೀಲ ತಂದು ಚೆಂಡಿನ ಹಾಗೆ ಉಂಡೆ ಕಟ್ಟಿದ್ದಾಳೆ, "ತಗೊಳ್ಳಿ, ನೀವೇ ಕೊಡಿ" ಎಂದು ಕೈ ಚಾಚಿ—