ಹನ್ನೊಂದನೆಯ ದಿನ

ಅಥಣಿ
೧೪-೧೧-೧೯೯೪

ಅಕ್ಕಾ,

ನಿನ್ನ ತಮ್ಮ ಮುರಗೆಪ್ಪನ ನಮಸ್ಕಾರ. ಸತ್ತೆವ್ವಾ, ಈ ಪತ್ರವನ್ನು ನಿನ್ನ ಅವ್ವನಿಗೆ ಒಂದಕ್ಷರ ಬಿಡದೆ ಓದಿ ಹೇಳು. ಅಪ್ಪನ ಹೆಸರು ಬಂದಲ್ಲಿಯೂ ನಿಲ್ಲಬೇಡ.

ಕುಡಚಿಯವರು ಸತ್ತೆವ್ವನ ಸಂಬಂಧ ಬೇಡವೆಂದ ಸುದ್ದಿ ತಿಳಿಯಿತು. 'ಇಬ್ಬರು ಆಳುಗೋಳನ್ನ ಕೊಂದ ಮೇಸ್ತ್ರಿ ಮಗಳು ನಮ್ಮ ಮನಿಗಿ ಬ್ಯಾಡ' ಅಂದರಂತೆ. ಎರಡೂವರೆ ವರ್ಷದಿಂದ ನೀನು ಈ ಮಾತು ಕೇಳುತ್ತಿದ್ದೀ. ಅದನ್ನು ಊರಿನ ಬಾಯಿಗೆ ಹಾಕಿದವನು ನಾನು.

ಇಂಜಿನಿಯರಿಂಗ್ ಮುಗಿಸಿ ಬಂದಾಗ ನನಗೆ ಕಾಗದದ ಮೇಲಿನ ಲೆಕ್ಕ ಮಾತ್ರ ಬರುತ್ತಿತ್ತು. ಕಬ್ಬಿಣ ಕಟ್ಟುವುದು, ಕಾಂಕ್ರೀಟಿಗೆ ನೀರು ಹೆಚ್ಚಾದದ್ದನ್ನು ಮುಷ್ಟಿಯಲ್ಲಿ ಹಿಡಿದು ಹೇಳುವುದು, ಎಲ್ಲ ಕಲಿಸಿದವರು ನಿನ್ನ ಗಂಡ, ಮಲಕಾರಿ ಮಾವ. ಬೋರಗಾಂವದ ಮಗ್ಗದ ಶೆಡ್ಡು, ಅಥಣಿಯ ದ್ರಾಕ್ಷಿ ಗೋದಾಮು... ಹತ್ತು ವರ್ಷ ನಾನು ಗೆರೆ ಎಳೆದೆ, ಅವರು ಎತ್ತಿ ನಿಲ್ಲಿಸಿದರು.

ಅಲಖನೂರಿನ ಮಂಗಲ ಕಾರ್ಯಾಲಯದ ಮಾಲೀಕ ಭಾವುಸಾಹೇಬರು ತಮ್ಮ ಮಗಳ ಲಗ್ನವೇ ಅಲ್ಲಿ ಮೊದಲು ಆಗಬೇಕೆಂದು ಹಟ ಹಿಡಿದಿದ್ದರು. ಲಗ್ನದ ದಿನ ಹತ್ತಿರ ಬಂದಿತ್ತು, ಸ್ಲ್ಯಾಬ್ ಹಾಕಿ ಹನ್ನೊಂದು ದಿನವಷ್ಟೇ ಆಗಿತ್ತು. ಕೆಳಗಿನ ಆಸರೆ ಕಂಬ ಬಿಚ್ಚದೆ ನೆಲಕ್ಕೆ ಫರಸಿಕಲ್ಲು ಹಾಸುವಂತಿರಲಿಲ್ಲ. ಮಾವ ಒಪ್ಪಲಿಲ್ಲ. 'ಬೀಮ ಭಾಳ ಉದ್ದ ಐತ್ರಿ ಸಾಹೇಬ್ರ, ಇನ್ನ ಹತ್ತ ದಿನಾ ತಡೀರಿ' ಅಂದರು. ಹೆಂಡತಿಯ ತಮ್ಮನನ್ನು ಕೆಲಸದ ಜಾಗದಲ್ಲಿ ಅವರು ಸಾಹೇಬರೆಂದೇ ಕರೆಯುತ್ತಿದ್ದರು. 'ಡಿಸೈನ್ ಮಾಡಿದಾಂವ ನಾ ಅದೇನಿ, ಬಿಚ್ಚಸ್ರಿ' ಅಂದೆ. ನಿಪ್ಪಾಣಿಯಲ್ಲಿ ಕಟ್ಟಬೇಕಿದ್ದ ಚಿತ್ರಮಂದಿರದ ಕೆಲಸ ಭಾವುಸಾಹೇಬರ ಕೈಯಲ್ಲಿತ್ತು, ಅಕ್ಕಾ. ಅವರ ಎದುರಿಗೆ ಅಂದೆ.

ಬಿಚ್ಚುತ್ತಿರುವಾಗಲೇ ಬೀಮು ಕುಸಿಯಿತು. ಮಾವ ಅದರಡಿ ಸಿಕ್ಕು ತೀರಿಕೊಂಡರು, ಅವರ ಜೊತೆ ಆಳುಗಳಾದ ಭರಮು, ಅಕ್ಕವ್ವ ಇಬ್ಬರೂ ಹೋದರು. ಪೊಲೀಸರಿಗೆ 'ಮೇಸ್ತ್ರಿ ನನ್ನನ್ನು ಕೇಳದೆ ಬಿಚ್ಚಿಸಿದ' ಎಂದು ಬರೆದುಕೊಟ್ಟೆ. ಮೂರನೆಯ ದಿನ ನಿನ್ನ ಅಂಗಳದಲ್ಲಿ ಕೂತು ಅತ್ತೆ. ನೀನು ಸೆರಗಿನಿಂದ ನನ್ನ ಕಣ್ಣೊರೆಸಿದೆ. ಆಮೇಲೆ ಚಿತ್ರಮಂದಿರ ಕಟ್ಟಿದೆ, ಸನ್ಮಾನದ ಶಾಲು ಹೊದ್ದುಕೊಂಡೆ.

ಇಂದು ಮುಂಜಾನೆ ಠಾಣೆಗೆ ಹೋಗಿ, ಬಿಚ್ಚಲು ಹೇಳಿದವನು ನಾನೇ ಎಂದು ಬರೆದು ಸಹಿ ಮಾಡಿದೆ. ಫೌಜದಾರರು ಎರಡು ಸಲ 'ವಿಚಾರ ಮಾಡ್ರಿ' ಅಂದರು. ನಕಲು ಈ ಲಕೋಟೆಯಲ್ಲಿದೆ, ಕುಡಚಿಯವರಿಗೆ ತೋರಿಸು. ನನ್ನನ್ನು ಬಿಡಿಸಲು ಯಾರನ್ನೂ ಕಳಿಸಬೇಡ. ಕ್ಷಮಿಸು ಎಂದು ಬರೆಯಲು ಕೈ ಏಳುತ್ತಿಲ್ಲ.

ನಿನ್ನ ತಮ್ಮನೆನ್ನಿಸಿಕೊಳ್ಳುವ ಆಸೆ ಇನ್ನೂ ಬಿಡದ
ಮುರಗೆಪ್ಪ

ತಾ.ಕ.: ಠಾಣೆಯಲ್ಲಿ ಬರೆಯಲಾಗದ ಒಂದು ಮಾತು ಉಳಿಯಿತು. ಕಂಬ ಬಿಚ್ಚುವ ಹೊತ್ತಿಗೆ ನಾನು ಅಲ್ಲೇ ಇದ್ದೆ. ಮೊದಲ ನಾಲ್ಕು ಕಂಬ ತೆಗೆದಾಗ ಬೀಮಿನ ನಡುವೆ ಕೂದಲೆಳೆಯಷ್ಟು ಬಿರುಕು ನನಗೆ ಕಂಡಿತು. ಮಾವನಿಗೆ ಕಾಣಲಿಲ್ಲ. 'ಒಳಗ ಬರ್ರಿ ಸಾಹೇಬ್ರ' ಎಂದು ಕರೆದರು. ಕೂಗಿ ಹೇಳಿದ್ದರೆ ಭಾವುಸಾಹೇಬರ ಮುಂದೆ ನನ್ನ ತಪ್ಪು ಒಪ್ಪಿದಂತಾಗುತ್ತಿತ್ತು. 'ಚಾ ಕುಡದ ಬರ್ತೇನಿ' ಎಂದು ಹೊರಗೆ ನಡೆದೆ.