ನೂರ ಎಂಬತ್ತಾರು ಪುಸ್ತಕ ಕಾಣೆ

ಜನವರಿ 8, ಸೋಮವಾರ. ಬೆಳಗ್ಗೆ 10.20

ರಾಣೆಬೆನ್ನೂರಿನ ಬಸ್ಸು ಇವತ್ತೂ ತಡ. ಸೋಮವಾರ ಮಾರುಕಟ್ಟೆ ದಿನ ಅಲ್ಲವೆ, ಬ್ಯಾಡಗಿ ರಸ್ತೆ ತುಂಬ ಮೆಣಸಿನಕಾಯಿ ಲಾರಿ. ನಾನು ವಾಚನಾಲಯಕ್ಕೆ ಬರುವಷ್ಟರಲ್ಲಿ ಬುಡನಸಾಬ ಬಾಗಿಲು ತೆಗೆದು, ಕಸ ಹೊಡೆದು, ಪೇಪರು ಹರವಿ ಮುಗಿಸಿದ್ದ. ಅಟೆಂಡರ್ ಅಂದರೆ ಹೀಗಿರಬೇಕು ಎಂದು ಓದುಗರೆಲ್ಲ ಹೊಗಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ಕೀಲಿ ಅವನ ಕೈಯಲ್ಲೇ ಇದೆ... ಹೊಗಳುವವರಿಗೆ ಅದು ನೆನಪಿರುವುದಿಲ್ಲ.

ಹಾವೇರಿಯಿಂದ ಫೋನ್. ನಮ್ಮ ವಾಚನಾಲಯ ಟ್ರಸ್ಟಿನ ಸೆಕ್ರೆಟರಿ ಸಿದ್ದಲಿಂಗೇಶ. ಮೂರೂ ಊರಿನ ಶಾಖೆಗಳ ಪುಸ್ತಕಗಳನ್ನು ಕಂಪ್ಯೂಟರಿಗೆ ಹಾಕುತ್ತಾರಂತೆ. ಹಿಂದೆ ಯಾವುದೋ ಹಳೆಯ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿಸಿದ ಪಟ್ಟಿ ಇದೆ, ಅದನ್ನೇ ಹೊಸ ಸಾಫ್ಟ್‌ವೇರಿಗೆ ತಿರುಗಿಸಿದರೆ ಆಯಿತಂತೆ. ಕಡೆಗೆ ಒಂದು ಮಾತು ಸೇರಿಸಿದರು:

"ಇದೆಲ್ಲಾ ಮುಗದ ಮ್ಯಾಲ ಶಾಖೆಗೆ ಒಬ್ಬರ ಸಾಕಾಕ್ಕಾರ ನೋಡ್ರಿ ಮೇಡಂ."

ಯಾರು ಆ ಒಬ್ಬರು? ನಾನು ರಿಟೈರ್ ಆಗಲು ಇನ್ನೂ ಎರಡು ವರ್ಷ ಇದೆ.

ನಾಳೆಯಿಂದ ರಜೆ. ಎಡಗಣ್ಣಿನ ಪೊರೆ ತೆಗೆಸಬೇಕು. ಇದೇ ಹೊತ್ತಿಗೆ ಕಂಪ್ಯೂಟರ್ ಕೆಲಸ. ಬೇಕೆಂದೇ ಹೀಗೆ ಮಾಡಿದರೋ ಏನೋ.

ಜನವರಿ 24, ಬುಧವಾರ. ಮಧ್ಯಾಹ್ನ 1

ಕಪ್ಪು ಕನ್ನಡಕ ಹಾಕಿಕೊಂಡೇ ಡ್ಯೂಟಿಗೆ ಬಂದೆ. ಕಪಾಟುಗಳಲ್ಲಿ ಹಲ್ಲು ಉದುರಿದ ಹಾಗೆ ಸಂದಿಗಳು. ನಾನಿಲ್ಲದಾಗ ಕೆಲಸ ಮುಗಿದೇ ಹೋಗಿದೆ. ರಾಣೆಬೆನ್ನೂರು ಶಾಖೆಯ ಆಪರೇಟರ್ ಕಾವೇರಿ ವಾರವಿಡೀ ಇಲ್ಲಿ ಕೂತಿದ್ದಳಂತೆ. ಬುಡನಸಾಬ ಪುಸ್ತಕ ಎತ್ತಿಕೊಡುವುದು, ಅವಳು ಟಿಕ್ ಹಾಕುವುದು. ಇಬ್ಬರೇ.

ಸಂದಿ ಯಾಕೆ ಎಂದು ಅವನನ್ನು ಕೇಳಲಿಲ್ಲ. ಕೇಳಿದರೆ ಹುಷಾರಾಗುತ್ತಾನೆ. ಸುಮ್ಮನೆ ನೋಡುತ್ತಿರುವುದೇ ಒಳ್ಳೆಯದು.

ಜನವರಿ 25, ಗುರುವಾರ. ಸಂಜೆ 5.40

ಬುಡನಸಾಬನ ಕೈಚೀಲ. ಬೆಳಗ್ಗೆ ಬರುವಾಗ ಸಪಾಟಾಗಿತ್ತು, ಹೋಗುವಾಗ ಉಬ್ಬಿತ್ತು. ಪುಸ್ತಕದ ಮೂಲೆ ಎದ್ದು ಕಾಣುತ್ತಿತ್ತು. ರಿಜಿಸ್ಟರಿನಲ್ಲಿ ಎಂಟ್ರಿ ಇಲ್ಲ. ಬಾಗಿಲಲ್ಲಿ ನನ್ನನ್ನು ನೋಡಿ ನಕ್ಕ. ನಾನು ನಗಲಿಲ್ಲ.

ಜನವರಿ 30, ಮಂಗಳವಾರ. 11.15

ಹಾವೇರಿಯಿಂದ ಪಟ್ಟಿ ಬಂತು. ಬ್ಯಾಡಗಿ ಶಾಖೆ: ನೂರ ಎಂಬತ್ತಾರು ಪುಸ್ತಕ ಕಾಣೆ.

ನೂರ ಎಂಬತ್ತಾರು! ಗ್ರಂಥಪಾಲಕಿ ನಾನು, ಇದಕ್ಕೆ ನಾನೇ ಹೊಣೆ.

ಪಟ್ಟಿಯ ತುಂಬ ತಪ್ಪು ಅಕ್ಷರ ಬೇರೆ. ‘ಸೂಯರ್ಕಾಂತಿ ಬೆಳೆಯೋಣ’. ‘ವಷರ್ದ ಅಡುಗೆ’. ಯಾವ ಪುಣ್ಯಾತ್ಮರು ಟೈಪ್ ಮಾಡಿದರೋ, ಕನ್ನಡ ಕಲಿಯದವರು. ಮೂಗು ಮುರಿದು ಪಟ್ಟಿ ಹಿಡಿದುಕೊಂಡು ಕಪಾಟಿಗೆ ಹೋದೆ. ಒಂದೂ ಇಲ್ಲ. ಎಲ್ಲಾ ಆ ಸಂದಿಗಳೇ.

ಸಂಜೆ ಮತ್ತೆ ಕೈಚೀಲ. ಮತ್ತೆ ಉಬ್ಬು.

ಫೆಬ್ರವರಿ 2, ಶುಕ್ರವಾರ

ಹಾವೇರಿಗೆ ಬರೆದು ಕಳಿಸಿದೆ. ಅಟೆಂಡರ್ ಎಂಟ್ರಿ ಇಲ್ಲದೆ ಪುಸ್ತಕ ಹೊರಗೆ ಒಯ್ಯುವುದನ್ನು ಎರಡು ಸಲ ಕಣ್ಣಾರೆ ಕಂಡಿದ್ದೇನೆ, ಕೀಲಿ ಅವನ ಬಳಿಯೇ ಇರುತ್ತದೆ ಎಂದು. ಕಳ್ಳ ಎಂಬ ಶಬ್ದ ಬಳಸಿಲ್ಲ. ಕಂಡದ್ದಷ್ಟೇ ಬರೆದಿದ್ದೇನೆ.

ಫೆಬ್ರವರಿ 5, ಸೋಮವಾರ. ಸಂಜೆ 4

ಶನಿವಾರ ಅವನನ್ನು ಹಾವೇರಿಗೆ ಕರೆಸಿದ್ದರು. ಆ ಪುಸ್ತಕಗಳನ್ನು ಕಟ್ಟು ಕಟ್ಟಿ ರಾಣೆಬೆನ್ನೂರು ಶಾಖೆಗೆ ಕಳಿಸಿದ್ದೇವೆ ಎಂದನಂತೆ. ಸಿದ್ದಲಿಂಗೇಶ ಅಲ್ಲಿಗೆ ಫೋನ್ ಮಾಡಿದರೆ, ಬ್ಯಾಡಗಿಯಿಂದ ಬಂದದ್ದು ಬರೀ ದಾನದ ಪುಸ್ತಕ ಎಂಬ ಉತ್ತರ. ಸುಳ್ಳು ಸಿಕ್ಕಿಬಿತ್ತು. ಇಂದಿನಿಂದ ಅವನಿಗೆ ಕೆಲಸವಿಲ್ಲ.

ಮೂರಕ್ಕೆ ಬಂದ. ಕೀಲಿಗೊಂಚಲು ಟೇಬಲ್ ಮೇಲಿಟ್ಟ. ಚೀಲದಿಂದ ಆರು ಪುಸ್ತಕ ತೆಗೆದು ಪಕ್ಕಕ್ಕೆ ಜೋಡಿಸಿದ. ಹೊಸ ಬೈಂಡು, ಮೈದಾ ಅಂಟಿನ ವಾಸನೆ.

"ಅಂಟು ಇನ್ನೂ ಹಸಿ ಐತ್ರಿ ಮೇಡಂ. ಎರಡು ದಿನ ಮ್ಯಾಲ ವಜನ ಇಡ್ರಿ."

ಅಷ್ಟೇ. ಹೆದರಿ ತಂದುಕೊಟ್ಟಿದ್ದಾನೆ ಎಂದುಕೊಂಡೆ. ಆರೂ ಪಟ್ಟಿಯಲ್ಲಿಲ್ಲ. ಇರಲಿ, ಅದೂ ಒಂದು ಉಪಾಯವೇ ಇದ್ದೀತು. ಕೀಲಿ ಮೂರು ಸಲ ಎಣಿಸಿದೆ.

ಫೆಬ್ರವರಿ 9, ಶುಕ್ರವಾರ

ಕಸ ನಾನೇ ಹೊಡೆದೆ. ಓದುಗರು ಮಾತಾಡಿಸುತ್ತಿಲ್ಲ. ದಿನಾ ಪೇಪರಿಗೆ ಬರುವ ದಲಾಲಿ ಅಂಗಡಿಯ ಶೇಖಪ್ಪ, ಬುಡನಸಾಬ ಎಲ್ಲಿ ಎಂದು ಮೂರನೇ ಸಲ ಕೇಳಿದರು. ಬೇಕೆಂದೇ ಕೇಳುತ್ತಾರೆ.

ಫೆಬ್ರವರಿ 20, ಮಂಗಳವಾರ. ಮಧ್ಯಾಹ್ನ 2, ರಾಣೆಬೆನ್ನೂರು ಶಾಖೆ

ಇದನ್ನು ಈಗಲೇ ಬರೆಯಬೇಕು.

ಹೊಸ ಸಾಫ್ಟ್‌ವೇರಿನ ಟ್ರೇನಿಂಗ್ ಇತ್ತು. ಲಾಗಿನ್ ಕೊಡಲು ಕಾವೇರಿ ನನ್ನ ಹೆಸರು ಹುಡುಕಿದಳು. ಅರ್ಕಸಾಲಿ. ಇಲ್ಲ. ಮತ್ತೆ ಟೈಪ್ ಮಾಡಿದಳು. ಇಲ್ಲ.

"ನೀವ ಇಲ್ರೀ ಮೇಡಂ ಇದರಾಗ. ಹೊಸದಾಗಿ ಹಾಕ್ಲೇನ್ರಿ?"

ಮೂವತ್ತು ವರ್ಷದ ಸರ್ವೀಸು, ನಾನೇ ಇಲ್ಲವೆ! ನನ್ನನ್ನು ತೆಗೆದೇ ಹಾಕಿದರು ಎಂದುಕೊಂಡೆ. ಇಡೀ ಪಟ್ಟಿ ತೆಗೆಸಿ ಬೆರಳಿಟ್ಟು ಓದಿದೆ. ಇದ್ದೆ. ‘ಪುಷ್ಪಲತಾ ಅಕರ್ಸಾಲಿ’.

ಅರ್ಕಾವತ್ತು. ಬಾಯಲ್ಲಿ ಮೊದಲು ಬರುವ ರ್, ಬರೆಯುವಾಗ ಅಕ್ಷರದ ಬೆನ್ನಿಗೆ ಹೋಗಿ ಕೂರುತ್ತದೆ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೂ ಹಾಗೆಯೇ. ತಿರುಗಿಸುವಾಗ ಮಷೀನು ಕಂಡ ಹಾಗೆ ಓದಿಕೊಂಡಿದೆ. ವರ್ಷ ಎಂದು ಹುಡುಕಿದರೆ ‘ವಷರ್’ ಸಿಗುವುದು ಹೇಗೆ?

ಪುಸ್ತಕಗಳಿಗೂ ಹೀಗಾಯಿತೆ ಎಂದೆ. ಆಯಿತಂತೆ. ಕೈಯಲ್ಲಿ ಪುಸ್ತಕ ಇದೆ, ಹುಡುಕಿದರೆ ಇಲ್ಲ. ಏನು ಮಾಡಬೇಕೆಂದು ತಿಳಿಯದೆ ಅಂಥವನ್ನೆಲ್ಲ ದಾನ ಬಂದವು ಎಂದು ಹೊಸದಾಗಿ ಸೇರಿಸಿದಳು, ಹೊಸ ನಂಬರ್ ಹಚ್ಚಲು ಇಲ್ಲಿಗೆ ತಂದಳು. ಬುಡನಸಾಬನೇ ಗೋಣಿತಾಟಿನಲ್ಲಿ ಕಟ್ಟಿ ಬಸ್ಸಿಗೆ ಹಾಕಿಕೊಟ್ಟನಂತೆ. ಕಾಣೆಯಾದವುಗಳ ಪಟ್ಟಿ ಅವಳಿಗೆ ಯಾರೂ ತೋರಿಸಿಯೇ ಇಲ್ಲ.

ಹಿಂದಿನ ಕೋಣೆಯಲ್ಲಿ ಕಟ್ಟುಗಳು ಹಾಗೇ ಇವೆ. ನಾನೇ ಬಿಚ್ಚಿದೆ. ಸೂರ್ಯಕಾಂತಿ ಬೆಳೆಯೋಣ. ವರ್ಷದ ಅಡುಗೆ. ಎಣಿಸಿದೆ. ನೂರ ಎಂಬತ್ತಾರು.

ಫೆಬ್ರವರಿ 21, ಬುಧವಾರ. ಮಧ್ಯಾಹ್ನ 12.30

ಬುಡನಸಾಬನ ಮನೆಗೆ ಹೋಗಿದ್ದೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಇರಲಿಲ್ಲ. ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲ ಹೊರಲು ಹೋಗಿದ್ದಾನೆ, ಐವತ್ತೊಂಬತ್ತನೇ ವಯಸ್ಸಿನಲ್ಲಿ. ಹೆಂಡತಿ ರೋಷನಬಿ ಚಾಪೆ ಹಾಸಿದರು, ಚಹಾ ಕೊಟ್ಟರು. ಗೋಡೆಗೆ ಒರಗಿಸಿಟ್ಟ ಬೈಂಡಿಂಗ್ ಹಲಗೆಗಳು, ಒಣಗಿದ ಅಂಟಿನ ಡಬ್ಬಿ.

ಪುಸ್ತಕ ಸಿಕ್ಕವು ಎಂದೆ. ಸುಮ್ಮನೆ ತಲೆಯಾಡಿಸಿದರು. ಬೈದಿದ್ದರೆ ಸಾಕಾಗಿತ್ತು. ಬೈಯಲಿಲ್ಲ.

"ಅವರು ನಿಮ್ಮ ಮ್ಯಾಲ ಸಿಟ್ಟಾಗಿಲ್ರಿ. ಮೇಡಮ್ಮಾರ ಕಣ್ಣಿಂದು ಆಪರೇಷನ್ ಆಗೇತಿ, ಪಟ್ಟಿ ಓದಾಕ ಬಂದಿಲ್ಲ, ಪಾಪ, ಅಂತಾರ."

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ನನ್ನ ಕಣ್ಣು ಸರಿಯಾಗಿಯೇ ಇತ್ತು.

ಫೆಬ್ರವರಿ 22, ಗುರುವಾರ. ಬೆಳಗ್ಗೆ 11

ಸಿದ್ದಲಿಂಗೇಶರಿಗೆ ಎಲ್ಲ ಹೇಳಿದೆ. ಕಂಪ್ಯೂಟರ್ ದೋಷ ಎಂದು ಒಂದು ಸಾಲು ಬರೆದುಕೊಡಿ ಸಾಕು ಎಂದರು. ಬುಡನಸಾಬನನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಎಂದೆ. ಕಾಣೆಯಾದ ಪುಸ್ತಕದ ಮಾತು ಮುಗಿಯಿತು, ಆದರೆ ಚೀಲದ ಮಾತು ಹಾಗೇ ಇದೆಯಲ್ಲ, ಕಣ್ಣಾರೆ ಕಂಡೆ ಎಂದು ನೀವೇ ಬರೆದಿದ್ದೀರಿ ಎಂದರು. ಆಮೇಲೆ ಹೇಳಿದರು:

"ಸುಮ್ಮನ ಮೈಮ್ಯಾಲ ಹಾಕ್ಕೋಬ್ಯಾಡ್ರಿ. ಒಬ್ಬರನ್ನ ಇಟ್ಕೊಳ್ಳೂದೈತಿ. ಆ ಒಬ್ಬರು ನೀವಾಗ್ರಿ."

ಒಂದು ಸಾಲು. ಅದು ಸುಳ್ಳೂ ಅಲ್ಲ.

ಈ ಡೈರಿಯನ್ನು ಹಿಂದಕ್ಕೆ ತಿರುವಿ ನೋಡಿದೆ. ಉಬ್ಬಿದ ಚೀಲ ಬರೆದಿದ್ದೇನೆ, ಎಂಟ್ರಿ ಇಲ್ಲ ಎಂದು ಬರೆದಿದ್ದೇನೆ. ಯಾರೂ ಓದದ ಈ ಪುಸ್ತಕದಲ್ಲೂ ಒಂದನ್ನು ಬರೆದಿಲ್ಲ. ಎಂಟು ವರ್ಷದ ಹಿಂದೆ ಬೈಂಡಿಂಗಿಗೆ ಟ್ರಸ್ಟು ದುಡ್ಡು ನಿಲ್ಲಿಸಿದಾಗ, ಹರಿದದ್ದನ್ನು ಮನೆಗೆ ಒಯ್ದು ಹೊಲಿದು ತಾ, ಎಂಟ್ರಿ ಗಿಂಟ್ರಿ ಬೇಡ ಎಂದು ಅವನಿಗೆ ಹೇಳಿದ್ದು ಯಾರು? ಒಬ್ಬರೇ ಸಾಕು ಎಂಬ ಮಾತು ಕಿವಿಗೆ ಬಿದ್ದ ದಿನದಿಂದ ಅದನ್ನು ಮರೆತವಳ ಹಾಗೆ ಇದ್ದುಬಿಟ್ಟೆ. ಅವನು ಹಾವೇರಿಯಲ್ಲೂ ನನ್ನ ಹೆಸರು ಎತ್ತಲಿಲ್ಲ.

ಕಂಪ್ಯೂಟರ್ ಬೇಡ. ಬಿಳಿ ಹಾಳೆ, ಪೆನ್ನು. ಕಳಿಸುವ ಮೊದಲು ಇಲ್ಲೊಂದು ನಕಲು:

ಮಾನ್ಯ ಕಾರ್ಯದರ್ಶಿಯವರಿಗೆ. ಪುಷ್ಪಲತಾ ಅರ್ಕಸಾಲಿ ಆದ ನಾನು ತಿಳಿಸುವುದೇನೆಂದರೆ, ಬುಡನಸಾಬ ಅವರ ಕೈಚೀಲದಲ್ಲಿ ಏನಿರುತ್ತಿತ್ತೆಂಬುದು ನನಗೆ ಎಂಟು ವರ್ಷದಿಂದ ಗೊತ್ತಿತ್ತು. ಅವರಿಗೆ ಹಾಗೆ ಒಯ್ಯಲು ಹೇಳಿದವಳು—